ಕಾಮನಬಿಲ್ಲು ಬೋವಾದ ಬಣ್ಣ ಮತ್ತು ವಿನ್ಯಾಸವನ್ನು ನೋಡಿ ಅರಿಯುವ ಬಗೆ

ರೇನ್‌ಬೋ ಬೋವಾ ಎಂದು ಜಗತ್ತಿನಾದ್ಯಂತ ಕರೆಯಲಾಗುವ, ದಕ್ಷಿಣ ಅಮೆರಿಕದ ಕಾಡುಗಳಿಗೆ ಸೇರಿದ ಹಾವನ್ನು ಮೊದಲ ಬಾರಿ ನೋಡುವವರ ಕಣ್ಣು ಅದರ ಮೈಮೇಲೆ ಹರಿದಾಡುವ ನೀಲಿ, ಹಸಿರು, ನೇರಳೆ ಹೊಳಪಿನ ಮೇಲೆಯೇ ನಿಂತುಬಿಡುತ್ತದೆ. ಹೆಸರು ಬಂದಿರುವುದೂ ಆ ಹೊಳಪಿನಿಂದಲೇ. ಆದರೆ ಹೊಳಪನ್ನಷ್ಟೇ ನೋಡಿ ಸುಮ್ಮನಾದರೆ ಹಾವಿನ ಬಹುಪಾಲು ಸೌಂದರ್ಯ ಕಣ್ತಪ್ಪಿ ಹೋಗುತ್ತದೆ. ಈ ಹಾವಿನ ಮೈಯಲ್ಲಿ ನಾಲ್ಕು ಸಂಗತಿಗಳು ಒಂದರ ಮೇಲೊಂದು ಕೂಡಿಕೊಂಡಿರುತ್ತವೆ ಮತ್ತು ಅವು ಬದಲಾಗುವ ವೇಗ ಒಂದೊಂದಕ್ಕೆ ಒಂದೊಂದು ಬಗೆ. ಉಂಗುರ, ಪಟ್ಟೆ, ಮಚ್ಚೆಗಳ ವಿನ್ಯಾಸ ಹುಟ್ಟಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಮೈಯ ಮೂಲಬಣ್ಣ ವರ್ಷಗಳಲ್ಲಿ ಬದಲಾಗುತ್ತದೆ. ಅದೇ ಬಣ್ಣದ ಗಾಢತೆ ಹಗಲು-ರಾತ್ರಿಗಳ ನಡುವೆ, ಹಾಗೆಯೇ ಪೊರೆ ಬಿಡುವ ಮೊದಲು ಮತ್ತು ಅನಂತರ ಏರಿಳಿಯುತ್ತದೆ. ಹೊಳಪಾದರೋ ಹಾವು ಒಮ್ಮೆ ಮಗ್ಗುಲು ತಿರುಗುವಷ್ಟರಲ್ಲಿ ಬೇರೆಯಾಗುತ್ತದೆ. ನಿಧಾನವಾಗಿ ಬದಲಾಗುವುದನ್ನು ಮೊದಲು, ವೇಗವಾಗಿ ಬದಲಾಗುವುದನ್ನು ಕೊನೆಯಲ್ಲಿ ನೋಡುವುದನ್ನು ರೂಢಿಸಿಕೊಂಡರೆ ಒಂದೇ ಹಾವು ಹಲವು ವರ್ಷಗಳ ಕಾಲ ನೋಡುವವರಿಗೆ ಹೊಸದಾಗಿಯೇ ಉಳಿಯುತ್ತದೆ ಎಂಬುದು ಈ ಬರಹದ ನಿಲುವು.

ಯಾವ ಕಾಮನಬಿಲ್ಲು ಬೋವಾ ಎಂದು ಮೊದಲು ತಿಳಿಯಿರಿ

ಕಾಮನಬಿಲ್ಲು ಬೋವಾಗಳು ಸೇರಿರುವ ಎಪಿಕ್ರೇಟಿಸ್ ಎಂಬ ಕುಲದಲ್ಲಿ ಇಂದು ಐದು ಪ್ರಭೇದಗಳನ್ನು ಗುರುತಿಸಲಾಗುತ್ತದೆ. ಹಿಂದೆ ಇವೆಲ್ಲವನ್ನೂ 1758ರಲ್ಲಿ ಲಿನೇಯಸ್ ಹೆಸರಿಸಿದ ಎಪಿಕ್ರೇಟಿಸ್ ಸೆಂಕ್ರಿಯಾ ಎಂಬ ಒಂದೇ ಪ್ರಭೇದದ ಉಪಜಾತಿಗಳೆಂದು ಎಣಿಸುತ್ತಿದ್ದರು. ಬ್ರೆಜಿಲ್‌ನ ಸರೀಸೃಪ ವಿಜ್ಞಾನಿಗಳಾದ ಪಾವ್ಲೋ ಪಾಸೋಸ್ ಮತ್ತು ರೊನಾಲ್ಡೊ ಫೆರ್ನಾಂಡಿಸ್ ಅವರು 2008ರಲ್ಲಿ ಪ್ರಕಟಿಸಿದ ಪರಿಷ್ಕರಣೆಯ ಅನಂತರ ಅವು ಬೇರೆ ಬೇರೆ ಪ್ರಭೇದಗಳಾದವು. ಆ ಕೆಲಸದಲ್ಲಿ ಹುರುಪೆಗಳ ಎಣಿಕೆಯ ಜೊತೆಗೆ ಮೈಮೇಲಿನ ವಿನ್ಯಾಸವೂ ಒಂದು ಮುಖ್ಯ ಆಧಾರವಾಗಿತ್ತು ಎಂಬುದನ್ನು ಗಮನಿಸಬೇಕು. ನಾವು ಅಂದಕ್ಕಾಗಿ ನೋಡುವ ಉಂಗುರಗಳನ್ನು ವಿಜ್ಞಾನಿಗಳು ಗುರುತಿಗಾಗಿ ನೋಡುತ್ತಾರೆ. ನೋಡುವ ಶಿಸ್ತು ಇಬ್ಬರಿಗೂ ಒಂದೇ.

ಸಾಕುವವರ ಬಳಿ ಹೆಚ್ಚಾಗಿ ಕಾಣುವುದು ಎರಡು ಪ್ರಭೇದಗಳು ಮಾತ್ರ. ಒಂದು, ಅಮೆಜಾನ್ ಕಣಿವೆ, ಗಯಾನಾ, ಸುರಿನಾಮ್ ಮುಂತಾದೆಡೆ ಮತ್ತು ಬ್ರೆಜಿಲ್‌ನ ಪೂರ್ವ ಕರಾವಳಿಯ ಅಟ್ಲಾಂಟಿಕ್ ಕಾಡುಗಳಲ್ಲಿ ಬದುಕುವ ಬ್ರೆಜಿಲಿಯನ್ ಕಾಮನಬಿಲ್ಲು ಬೋವಾ, ಅಂದರೆ ಸೆಂಕ್ರಿಯಾ. ಕಿತ್ತಳೆಯಿಂದ ಇಟ್ಟಿಗೆಗೆಂಪಿನವರೆಗಿನ ಮೈ, ಅದರ ಮೇಲೆ ಕಡುಗಪ್ಪು ಉಂಗುರಗಳು ಇದರ ಗುರುತು. ಇನ್ನೊಂದು, ಮಧ್ಯ ಅಮೆರಿಕದ ದಕ್ಷಿಣ ಭಾಗದಿಂದ ಕೊಲಂಬಿಯಾ, ವೆನೆಜುವೆಲಾ, ಟ್ರಿನಿಡಾಡ್‌ವರೆಗೆ ಸಿಗುವ ಕೊಲಂಬಿಯನ್ ಕಾಮನಬಿಲ್ಲು ಬೋವಾ, ಅಂದರೆ ಮಾರಸ್. ಇದರ ಮರಿಯ ಮೈಮೇಲೆ ಉಂಗುರಗಳು ಸ್ಪಷ್ಟವಾಗಿದ್ದರೂ ಬೆಳೆದಂತೆ ಅವು ಮಾಸುತ್ತಾ ಹೋಗಿ, ಪ್ರಾಯದ ಹಾವು ಬಹುತೇಕ ಕಂದು ಬಣ್ಣದ್ದಾಗಿ ಕಾಣುತ್ತದೆ. ಉಳಿದ ಮೂರರಲ್ಲಿ ಕ್ರಾಸಸ್ ಬ್ರೆಜಿಲ್‌ನ ಸೆರಾಡೊ ಬಯಲು ಮತ್ತು ಪರಾಗ್ವೆಯ ಕಡೆಯದು, ಅಸಿಸಿ ಈಶಾನ್ಯ ಬ್ರೆಜಿಲ್‌ನ ಒಣಭೂಮಿಯಾದ ಕಾಟಿಂಗಾದ್ದು, ಅಲ್ವಾರೆಜಿ ಅರ್ಜೆಂಟೀನಾ, ಪರಾಗ್ವೆ ಮತ್ತು ಬೊಲಿವಿಯಾಗಳಿಗೆ ಹರಡಿರುವ ಚಾಕೊ ಪ್ರದೇಶದ್ದು. ಕ್ಯೂಬಾ ಮುಂತಾದ ಕೆರಿಬಿಯನ್ ದ್ವೀಪಗಳ ಬೋವಾಗಳೂ ಒಂದು ಕಾಲಕ್ಕೆ ಇದೇ ಕುಲದಲ್ಲಿದ್ದವು. ಈಗ ಅವು ಕೈಲಾಬೋತ್ರಸ್ ಎಂಬ ಬೇರೆ ಕುಲಕ್ಕೆ ಸೇರಿವೆ.

ಪ್ರಭೇದ ತಿಳಿಯದೆ ಬಣ್ಣವನ್ನು ಅಳೆಯಹೊರಟರೆ ಹಾವಿಗೆ ಅನ್ಯಾಯವಾಗುತ್ತದೆ. ಪ್ರಾಯಕ್ಕೆ ಬಂದ ಕೊಲಂಬಿಯನ್ ಹಾವನ್ನು ಬ್ರೆಜಿಲಿಯನ್ ಹಾವಿನ ಪಕ್ಕದಲ್ಲಿಟ್ಟು, ಇದು ಮಂಕಾಗಿದೆ ಎಂದು ಹೇಳುವವರಿದ್ದಾರೆ. ಮಾಸುವುದು ಅದರ ಜಾತಿಗುಣವೇ ಹೊರತು ಕೊರತೆಯಲ್ಲ. ಇವೆರಡರ ಮಿಶ್ರತಳಿಗಳೂ ಸಾಕುವವರ ನಡುವೆ ಓಡಾಡುತ್ತಿರುವುದರಿಂದ, ವಿನ್ಯಾಸವೊಂದನ್ನೇ ನಂಬಿ ಪ್ರಭೇದವನ್ನು ಖಚಿತವಾಗಿ ಹೇಳುವುದಕ್ಕಿಂತ ತಾಯಿ-ತಂದೆ ಹಾವುಗಳ ವಿವರ ಕೇಳಿ ತಿಳಿಯುವುದು ಒಳ್ಳೆಯದು.

ಬದಲಾಗದ ವಿನ್ಯಾಸವನ್ನು ಓದುವುದು

ಹಾವು ಶಾಂತವಾಗಿ ಒಂದೆಡೆ ಮಲಗಿರುವಾಗ, ಕೈಗೆತ್ತಿಕೊಳ್ಳದೆ, ತಲೆಯಿಂದಲೇ ನೋಡಲು ಆರಂಭಿಸಿ. ತಲೆಯ ನಡುವೆ ಮೂತಿಯಿಂದ ಕುತ್ತಿಗೆಯ ಕಡೆಗೆ ಒಂದು ಕಪ್ಪು ಪಟ್ಟೆ, ಅದರ ಎರಡೂ ಬದಿಗೆ ಒಂದೊಂದು, ಕಣ್ಣಿನ ಹಿಂದಿನಿಂದ ದವಡೆಯ ಮೂಲೆಯ ಕಡೆಗೆ ಇಳಿಯುವ ಒಂದೊಂದು, ಹೀಗೆ ಒಟ್ಟು 5 ಪಟ್ಟೆಗಳಿರುತ್ತವೆ. ಮೇಲಿನಿಂದ ನೋಡಿದಾಗ ಮೂರೇ ಕಾಣುವುದರಿಂದ ಮೂರು ಪಟ್ಟೆಯ ತಲೆ ಎಂದು ಹೇಳುವ ರೂಢಿಯೂ ಇದೆ. ನಡುಪಟ್ಟೆ ಎಲ್ಲಿ ಅಗಲವಾಗುತ್ತದೆ, ಎಲ್ಲಿ ಸಣ್ಣಗಾಗುತ್ತದೆ, ಕುತ್ತಿಗೆಯ ಬಳಿ ಪಕ್ಕದ ಪಟ್ಟೆಗಳೊಂದಿಗೆ ಕೂಡುತ್ತದೆಯೇ ಇಲ್ಲವೇ ಎಂಬುದು ಹಾವಿನಿಂದ ಹಾವಿಗೆ ಬೇರೆ. ಒಂದೇ ಸೂಲಿನ ಮರಿಗಳನ್ನು ಬೇರ್ಪಡಿಸಿ ಗುರುತಿಸಲು ತಲೆಯ ಈ ಭಾಗವೇ ಹಲವು ಸಲ ಸಾಕಾಗುತ್ತದೆ.

ಅಲ್ಲಿಂದ ಬೆನ್ನಿಗೆ ಬನ್ನಿ. ಬ್ರೆಜಿಲಿಯನ್ ಹಾವಿನ ಬೆನ್ನಿನ ಉದ್ದಕ್ಕೂ ಕಪ್ಪು ಅಂಚಿನ ಉಂಗುರಗಳ ಸಾಲು ಇರುತ್ತದೆ ಮತ್ತು ಉಂಗುರದ ಒಳಗಿನ ಬಣ್ಣ ಹೊರಗಿನ ಮೈಬಣ್ಣಕ್ಕಿಂತ ಸಾಮಾನ್ಯವಾಗಿ ಬೇರೆಯ ಛಾಯೆಯದಾಗಿರುತ್ತದೆ. ಒಂದೊಂದಾಗಿ ನೋಡಿದಾಗ ಎಲ್ಲ ಉಂಗುರಗಳೂ ದುಂಡಗಿಲ್ಲವೆಂದು ಗೊತ್ತಾಗುತ್ತದೆ. ಕೆಲವು ಅಡ್ಡಕ್ಕೆ ಎಳೆದಂತಿರುತ್ತವೆ, ಕೆಲವು ಒಂದು ಬದಿಯಲ್ಲಿ ತೆರೆದುಕೊಂಡಿರುತ್ತವೆ, ಕೆಲವೆಡೆ ಅಕ್ಕಪಕ್ಕದ ಎರಡು ಉಂಗುರಗಳು ಬೆಸೆದುಕೊಂಡು ಇಂಗ್ಲಿಷಿನ ಎಂಟರ ಅಂಕೆಯಂತೆ ಆಗಿರುತ್ತವೆ. ಬಾಲದ ಕಡೆ ಸಾಗಿದಂತೆ ಅವು ಕಿರಿದಾಗಿ ಒತ್ತೊತ್ತಾಗುತ್ತವೆ, ಕೆಲವು ಹಾವುಗಳಲ್ಲಿ ಒಡೆದು ಗೆರೆಗಳಾಗುತ್ತವೆ. ಈ ಒಡಕು, ಬೆಸುಗೆಗಳನ್ನು ದೋಷವೆಂದು ಎಣಿಸಿ, ಅಚ್ಚು ಹಾಕಿದಂತೆ ದುಂಡಗಿರುವ ಉಂಗುರಗಳ ಸಾಲನ್ನೇ ಉತ್ತಮವೆನ್ನುವ ಅಭಿರುಚಿ ಸಾಕುವವರಲ್ಲಿ ಇದೆ. ನನ್ನ ದೃಷ್ಟಿಯಲ್ಲಿ ಆ ಒಡಕುಗಳೇ ಹಾವಿನ ಸಹಿ. ದುಂಡು ಉಂಗುರಗಳ ಸಾಲಿನಲ್ಲಿ ಕಣ್ಣು ಜಾರಿಕೊಂಡು ಹೋಗುತ್ತದೆ, ಬೆಸೆದ ಉಂಗುರದ ಮುಂದೆ ನಿಲ್ಲುತ್ತದೆ.

ಒಂದೇ ಒಂದು ಉಂಗುರವನ್ನು ಆರಿಸಿಕೊಂಡು, ಸಾಧ್ಯವಾದರೆ ಭೂತಕನ್ನಡಿಯ ಸಹಾಯದಿಂದ, ಅದರ ಅಂಚನ್ನು ಹುರುಪೆ ಹುರುಪೆಯಾಗಿ ನೋಡಿ. ದೂರದಿಂದ ಒಂದೇ ಗೆರೆಯಂತೆ ಕಾಣುವ ಕಪ್ಪು ಅಂಚು ಹತ್ತಿರದಲ್ಲಿ ಕಪ್ಪು ಹುರುಪೆಗಳ ಮೆಟ್ಟಿಲಾಗಿ ಒಡೆಯುತ್ತದೆ. ಗಡಿಯ ಮೇಲೆ ಬಿದ್ದ ಹುರುಪೆ ಅರ್ಧ ಕಪ್ಪು, ಅರ್ಧ ಕಿತ್ತಳೆಯಾಗಿರಬಹುದು; ಬಣ್ಣದ ಗಡಿ ಹುರುಪೆಯ ಅಂಚನ್ನು ಅನುಸರಿಸಲೇಬೇಕೆಂಬ ನಿಯಮವಿಲ್ಲ, ಏಕೆಂದರೆ ಬಣ್ಣದ ಕೋಶಗಳಿರುವುದು ಹುರುಪೆಯ ಕೊಂಬಿನಂಥ ಮೇಲ್ಪದರದಲ್ಲಲ್ಲ, ಅದರ ಕೆಳಗಿನ ಚರ್ಮದಲ್ಲಿ. ಈ ಹಾವಿನ ಹುರುಪೆಗಳು ನಡುವೆ ಏಣಿಲ್ಲದೆ ನುಣುಪಾಗಿರುತ್ತವೆ. ಮುಂದೆ ಹೊಳಪಿನ ವಿಷಯಕ್ಕೆ ಬಂದಾಗ ಈ ನುಣುಪೇ ಮುಖ್ಯವಾಗುತ್ತದೆ.

ಪಕ್ಕೆಗಳನ್ನು ನೋಡದೆ ಬಿಡಬೇಡಿ. ಅಲ್ಲಿ ಕಪ್ಪು ಮಚ್ಚೆಗಳ ಸಾಲೊಂದಿದ್ದು, ಪ್ರತಿಯೊಂದರ ಮೇಲಂಚಿನಲ್ಲಿ ತಿಳಿ ಕಿತ್ತಳೆ, ಹಳದಿ ಅಥವಾ ಕೆಂಪು ಬಣ್ಣದ ಅರ್ಧಚಂದ್ರವಿರುತ್ತದೆ. ಸಾಕುವವರು ಇಡೀ ಹಾವಿನ ಕೆಂಪನ್ನು ಹೊಗಳುವಾಗ ಹಲವು ಸಲ ಅವರ ಮನಸ್ಸಿನಲ್ಲಿರುವುದು ಈ ಅರ್ಧಚಂದ್ರಗಳೇ, ಏಕೆಂದರೆ ಕಪ್ಪಿನ ಪಕ್ಕದಲ್ಲಿರುವುದರಿಂದ ಅಲ್ಲಿ ಬಣ್ಣ ಅತ್ಯಂತ ಉಜ್ವಲವಾಗಿ ಕಾಣುತ್ತದೆ. ಎಡಪಕ್ಕೆಯೂ ಬಲಪಕ್ಕೆಯೂ ಒಂದರ ಪ್ರತಿಬಿಂಬ ಇನ್ನೊಂದಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡಿ, ಬೇರೆ ಬೇರೆಯಾಗಿ ಚಿತ್ರ ತೆಗೆದಿಡಬೇಕು. ಹೊಟ್ಟೆ ಬಿಳಿ ಅಥವಾ ಕೆನೆ ಬಣ್ಣದ್ದು. ಅದನ್ನು ನೋಡಲೆಂದು ಹಾವನ್ನು ಮಗುಚುವ ಅಗತ್ಯವಿಲ್ಲ. ಗಾಜಿನ ಮೇಲೆ ಹರಿದಾಗ ತಾನಾಗಿಯೇ ಕಾಣುತ್ತದೆ.

ವರ್ಷಗಳಲ್ಲಿ ಬದಲಾಗುವ ಮೈಬಣ್ಣ

ಮೈಬಣ್ಣವನ್ನು ಹೆಸರಿಸುವಾಗ ಬರೀ ಕೆಂಪು ಎಂದು ಬರೆದಿಟ್ಟರೆ ಎರಡು ವರ್ಷದ ಅನಂತರ ಆ ಟಿಪ್ಪಣಿಯಿಂದ ಯಾವ ಪ್ರಯೋಜನವೂ ಆಗುವುದಿಲ್ಲ. ಕಾವಿ, ಇಟ್ಟಿಗೆ, ತಾಮ್ರ, ಕಿತ್ತಳೆ ಸಿಪ್ಪೆ, ಜೇನು, ಸುಟ್ಟ ಬೆಲ್ಲ ಎಂಬಂಥ ಕಣ್ಣಿಗೆ ಕಟ್ಟುವ ಹೆಸರುಗಳು ನಮ್ಮ ಬಳಕೆಯಲ್ಲಿವೆ. ಬೆನ್ನು, ಉಂಗುರದ ಒಳಭಾಗ, ಪಕ್ಕೆ, ಅರ್ಧಚಂದ್ರ ಎಂದು ಭಾಗ ಮಾಡಿಕೊಂಡು ಒಂದೊಂದಕ್ಕೂ ಇಂಥ ಹೆಸರನ್ನು ಬರೆದಿಡಿ.

ಮರಿಯ ಬಣ್ಣ ನೋಡಿ ಪ್ರಾಯದ ಹಾವಿನ ಬಣ್ಣವನ್ನು ಊಹಿಸುವುದು ಕಷ್ಟ. ಬ್ರೆಜಿಲಿಯನ್ ಮರಿಗಳಲ್ಲಿ ಉಂಗುರಗಳು ಹರಿತವಾಗಿದ್ದರೂ ಪಕ್ಕೆಗಳು ಬೂದಿ ಅಥವಾ ಮಂಕು ಕಂದು ಇರುವುದುಂಟು. ಅನೇಕ ಹಾವುಗಳಲ್ಲಿ ಕಿತ್ತಳೆ ಮತ್ತು ಕೆಂಪು ತುಂಬಿಕೊಳ್ಳುವುದು ಬೆಳವಣಿಗೆಯ ಮೊದಲ ಕೆಲವು ವರ್ಷಗಳಲ್ಲಿ. ಆದುದರಿಂದ ಮರಿ ಕೊಳ್ಳುವವರು ಮರಿಯ ಬಣ್ಣಕ್ಕಿಂತ ತಾಯಿ-ತಂದೆಯ ಬಣ್ಣವನ್ನು ನೋಡಬೇಕು. ಕೊಲಂಬಿಯನ್ ಮರಿಯ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಮರಿಯೇ ಚಿತ್ತಾರದ್ದು. ಅದರ ಉಂಗುರಗಳು ಮಾಸುವ ಪರಿಯನ್ನು ವರ್ಷವರ್ಷವೂ ಹಿಂಬಾಲಿಸಿ ನೋಡುವುದು ಈ ಹವ್ಯಾಸದಲ್ಲಿ ಸಿಗುವ ಅಪರೂಪದ ಸಂತೋಷಗಳಲ್ಲಿ ಒಂದು. ಪೂರ್ತಿ ಕಂದಾದ ಹಾವಿನಲ್ಲೂ ಓರೆಬೆಳಕಿನಲ್ಲಿ ಹಳೆಯ ಉಂಗುರಗಳ ನೆರಳನ್ನು ಹುಡುಕಿ ತೆಗೆಯಬಹುದು.

ಕೆಂಪು, ಹಳದಿ ಬಣ್ಣಗಳ ಕೋಶಗಳು, ಕಪ್ಪು-ಕಂದು ಕೊಡುವ ಮೆಲನಿನ್ ಎಂಬ ವರ್ಣದ್ರವ್ಯದ ಕೋಶಗಳು ಚರ್ಮದಲ್ಲಿ ಪದರಗಳಾಗಿ ಇರುತ್ತವೆ. ಸಾಕಣೆಯಲ್ಲಿ ಕಾಣಿಸಿಕೊಂಡ ಬಣ್ಣದ ತಳಿಗಳನ್ನು ಇದರ ಬೆಳಕಿನಲ್ಲಿ ಅರ್ಥ ಮಾಡಿಕೊಳ್ಳುವುದು ಸುಲಭ. ಅನೆರಿಥ್ರಿಸ್ಟಿಕ್ ಎಂಬ ತಳಿಯಲ್ಲಿ ಕೆಂಪು ಇಲ್ಲವಾಗಿ ಹಾವು ಬೂದಿ, ಕಪ್ಪು, ಬೆಳ್ಳಿಬಿಳುಪುಗಳಲ್ಲಿ ಕಾಣುತ್ತದೆ. ಹೈಪೋಮೆಲನಿಸ್ಟಿಕ್, ಅಂದರೆ ಸಾಕುವವರು ಹೈಪೋ ಎನ್ನುವ ತಳಿಯಲ್ಲಿ ಮೆಲನಿನ್ ಕಡಿಮೆಯಾಗಿ ಮೈ ತಿಳಿಯಾಗುತ್ತದೆ, ಉಂಗುರದ ಕಪ್ಪು ಕಂದಿಗೆ ಇಳಿಯುತ್ತದೆ. ಉಂಗುರಗಳು ಒಡೆದು ಗೆರೆಯಾದ, ವಿನ್ಯಾಸದಲ್ಲೇ ವ್ಯತ್ಯಾಸವಿರುವ ತಳಿಗಳೂ ಇವೆ. ಇಂಥ ಒಂದೇ ವಂಶವಾಹಿಯ ತಳಿಗಳು ಬೇರೆ, ತಲೆಮಾರುಗಳಿಂದ ಹೆಚ್ಚು ಕೆಂಪಿನ ಹಾವುಗಳನ್ನೇ ಆರಿಸಿ ಕೂಡಿಸಿ ಪಡೆದ ಕಡುಗೆಂಪು ವಂಶಗಳು ಬೇರೆ. ಎರಡನೆಯದರಲ್ಲಿ ಬಣ್ಣ ಹಂತಹಂತವಾಗಿ ಏರುತ್ತದೆ ಮತ್ತು ಒಂದೇ ಸೂಲಿನ ಹತ್ತಿಪ್ಪತ್ತು ಮರಿಗಳಲ್ಲಿ ಒಂದೊಂದು ಒಂದೊಂದು ಮಟ್ಟದಲ್ಲಿರುತ್ತದೆ. ಈ ಹಾವು ಮೊಟ್ಟೆಯಿಡದೆ ಮರಿ ಹಾಕುವುದರಿಂದ ಇಡೀ ಸೂಲನ್ನು ಹುಟ್ಟಿದ ಕೂಡಲೇ ಒಟ್ಟಿಗೆ ನೋಡುವ ಅವಕಾಶ ಸಿಕ್ಕರೆ ಬಿಡಬಾರದು. ವ್ಯತ್ಯಾಸ ಎಂದರೇನು ಎಂಬುದನ್ನು ಅದಕ್ಕಿಂತ ಚೆನ್ನಾಗಿ ಕಲಿಸುವುದು ಬೇರೊಂದಿಲ್ಲ.

ದಿನದೊಳಗೆ, ಪೊರೆಯ ಸುತ್ತಿನೊಳಗೆ

ಕಾಮನಬಿಲ್ಲು ಬೋವಾ ರಾತ್ರಿ ಸಂಚರಿಸುವ ಹಾವು. ಹಗಲು ಮಲಗಿದ್ದಾಗ ನೋಡಿದ ಬಣ್ಣವೇ ಅದರ ಬಣ್ಣ ಎಂದುಕೊಳ್ಳುವುದು ಅರ್ಧ ತಿಳಿವಳಿಕೆ. ಕತ್ತಲಾದ ಅನಂತರ ಅದರ ಪಕ್ಕೆಗಳು ತಿಳಿಯಾಗಿ, ಬೆಳ್ಳಿಯ ಛಾಯೆ ಪಡೆಯುವುದನ್ನು ಸಾಕುವವರು ಚೆನ್ನಾಗಿ ಬಲ್ಲರು. ಇದನ್ನು ನೋಡಬೇಕೆಂದರೆ ದೀಪ ಆರಿಸಿ ಒಂದೆರಡು ಗಂಟೆ ಬಿಟ್ಟು, ಮಂದವಾದ ಟಾರ್ಚನ್ನು ಗೋಡೆಗೋ ಚಾವಣಿಗೋ ಹಿಡಿದು, ಆ ಮರುಬೆಳಕಿನಲ್ಲಿ ನೋಡಬೇಕು. ಹಾವಿಗೆ ರೆಪ್ಪೆಗಳಿಲ್ಲ, ತೀಕ್ಷ್ಣ ಬೆಳಕನ್ನು ನೇರವಾಗಿ ಕಣ್ಣಿಗೆ ಹಿಡಿದರೆ ಅದಕ್ಕೆ ಕಣ್ಣು ಮುಚ್ಚಿಕೊಳ್ಳಲು ಬರುವುದಿಲ್ಲ ಎಂಬುದನ್ನು ಯಾವಾಗಲೂ ನೆನಪಿಡಬೇಕು.

ಪೊರೆ ಬಿಡುವ ಸುತ್ತು ಇದಕ್ಕಿಂತ ದೊಡ್ಡ ಬದಲಾವಣೆ ತರುತ್ತದೆ. ಹಳೆಯ ಪದರ ಸಡಿಲವಾಗಿ ಅದರ ಕೆಳಗೆ ದ್ರವ ಸೇರಿದಾಗ ಮೈ ಮಸುಕಾಗುತ್ತದೆ, ಕಣ್ಣು ಹಾಲು ಬೆರೆಸಿದ ನೀಲಿಯಾಗುತ್ತದೆ, ಹೊಳಪು ಹೆಚ್ಚುಕಡಿಮೆ ಕಾಣೆಯಾಗುತ್ತದೆ. ಕೆಲವು ದಿನಗಳಲ್ಲಿ ಕಣ್ಣು ಮತ್ತೆ ತಿಳಿಯಾಗಿ, ಆಮೇಲೆ ಪೊರೆ ಕಳಚುತ್ತದೆ. ಕಣ್ಣು ಮಸುಕಾಗಿರುವ ಅವಧಿಯಲ್ಲಿ ಹಾವನ್ನು ಮುಟ್ಟುವುದೂ ಬೇಡ, ಬಣ್ಣದ ಬಗ್ಗೆ ತೀರ್ಮಾನಿಸುವುದೂ ಬೇಡ. ಪೊರೆ ಕಳಚಿದ ಮೊದಲ ಕೆಲವು ದಿನಗಳೇ ಬಣ್ಣವೂ ಹೊಳಪೂ ಅತ್ಯಂತ ಸ್ಪಷ್ಟವಾಗಿರುವ ಕಾಲ. ಹೋಲಿಕೆಗಾಗಿ ಚಿತ್ರ ತೆಗೆಯುವುದಾದರೆ ಪ್ರತಿ ಸಲವೂ ಈ ದಿನಗಳಲ್ಲೇ ತೆಗೆಯಬೇಕು.

ಕಳಚಿದ ಪೊರೆಯನ್ನು ಎಸೆಯಬೇಡಿ. ಅದು ಒದ್ದೆಯಾಗಿರುವಾಗಲೇ ಬಿಡಿಸಿ, ಬಿಳಿಯ ಬಟ್ಟೆಯ ಮೇಲೆ ಹರವಿ, ಒಣಗಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಕಿತ್ತಳೆಯಾಗಲಿ ಕೆಂಪಾಗಲಿ ಅದರಲ್ಲಿ ಇರುವುದಿಲ್ಲ, ಏಕೆಂದರೆ ಆ ಬಣ್ಣಗಳು ಹಾವಿನ ಮೈಯಲ್ಲೇ ಉಳಿದಿವೆ. ಆದರೆ ಉಂಗುರಗಳಿದ್ದ ಜಾಗದಲ್ಲಿ ಬೂದಿ ಬಣ್ಣದ ತೆಳು ಗುರುತು ಕಾಣುತ್ತದೆ. ಕೊಂಚ ಮೆಲನಿನ್ ಮೇಲ್ಪದರಕ್ಕೂ ಸೇರಿಕೊಂಡಿರುವುದೇ ಇದಕ್ಕೆ ಕಾರಣ. ವಿನ್ಯಾಸವನ್ನು ಬಣ್ಣದಿಂದ ಬೇರ್ಪಡಿಸಿ ನೋಡಲು ಇಷ್ಟು ಸರಳವಾದ ಸಾಧನ ಮತ್ತೊಂದಿಲ್ಲ. ಅದೇ ಪೊರೆಯನ್ನು ಕಪ್ಪು ಕಾಗದದ ಮೇಲಿಟ್ಟು ದೀಪದ ಕೆಳಗೆ ಓರೆಯಾಗಿ ವಾಲಿಸುತ್ತಾ ನೋಡಿದರೆ ಮುಂದಿನ ವಿಷಯಕ್ಕೆ ಪೀಠಿಕೆ ಸಿಗುತ್ತದೆ.

ಕ್ಷಣದಲ್ಲಿ ಬದಲಾಗುವ ಹೊಳಪು

ಹೊಳಪಿನ ನೀಲಿ-ಹಸಿರುಗಳಿಗೆ ಯಾವ ನೀಲಿ-ಹಸಿರು ವರ್ಣದ್ರವ್ಯವೂ ಕಾರಣವಲ್ಲ. ಹುರುಪೆಯ ಹೊರಪದರದ ಅತಿಸೂಕ್ಷ್ಮ ರಚನೆಯ ಮೇಲೆ ಬಿದ್ದ ಬೆಳಕು ಒಡೆದು, ಬೇರೆ ಬೇರೆ ಅಲೆಯುದ್ದದ ಕಿರಣಗಳು ಬೇರೆ ಬೇರೆ ಕೋನಗಳಲ್ಲಿ ಬಲಗೊಂಡು ಮರಳುವುದರಿಂದ ಈ ಬಣ್ಣಗಳು ಹುಟ್ಟುತ್ತವೆ. ಮಳೆಗಾಲದಲ್ಲಿ ಒದ್ದೆ ರಸ್ತೆಯ ಮೇಲೆ ಬಿದ್ದ ಡೀಸೆಲ್ ತೊಟ್ಟು ಬಣ್ಣಬಣ್ಣವಾಗಿ ಹರಡಿಕೊಳ್ಳುವುದೂ ಬೆಳಕಿನ ಇಂಥದೇ ಗುಣದಿಂದ. ಇದರಿಂದ ನೋಡುವವರಿಗೆ ಮೂರು ಸೂತ್ರಗಳು ದೊರೆಯುತ್ತವೆ.

ಮೊದಲನೆಯದು ಕೋನ. ಬೆಳಕು, ಹಾವು, ಕಣ್ಣು ಈ ಮೂರರ ಸಂಬಂಧ ಬದಲಾದರೆ ಬಣ್ಣವೂ ಬದಲಾಗುತ್ತದೆ. ಹಾವನ್ನು ಎತ್ತಿ ತಿರುಗಿಸುವ ಬದಲು ನೀವೇ ನಿಂತ ಜಾಗ ಬದಲಿಸಿ ಅಥವಾ ದೀಪವನ್ನು ನಿಧಾನವಾಗಿ ಸರಿಸಿ. ದೀಪ ಹಾವಿನ ಆಚೆ ಬದಿಯಲ್ಲಿ ಸ್ವಲ್ಪ ಎತ್ತರದಲ್ಲಿದ್ದು, ಅದರ ಬೆಳಕು ಹಾವಿನ ಬೆನ್ನಿನಿಂದ ಪುಟಿದು ನಿಮ್ಮ ಕಡೆಗೆ ಬರುವಂತಿದ್ದರೆ ಹೊಳಪು ಹೆಚ್ಚು ಕಾಣುತ್ತದೆ. ನಿಮ್ಮ ಬೆನ್ನ ಹಿಂದಿನಿಂದ ಬೆಳಕು ಬರುತ್ತಿದ್ದರೆ ಹೊಳಪು ತಗ್ಗಿ ಮೈಬಣ್ಣ ಎದ್ದು ಕಾಣುತ್ತದೆ. ಮೈಬಣ್ಣ ನೋಡಬೇಕೋ ಹೊಳಪು ನೋಡಬೇಕೋ ಎಂದು ಮೊದಲು ನಿರ್ಧರಿಸಿ, ಅದಕ್ಕೆ ತಕ್ಕಂತೆ ನಿಲ್ಲಬೇಕು.

ಎರಡನೆಯದು ಬೆಳಕಿನ ಗಾತ್ರ. ಸಣ್ಣ ಬಿಂದುವಿನಂಥ ಎಲ್‌ಇಡಿ ದೀಪದಡಿ ಬೆನ್ನಿನ ಉಬ್ಬಿನ ಮೇಲೆ ಕಿರಿದಾದ, ಆದರೆ ತೀಕ್ಷ್ಣವಾದ ಬಣ್ಣದ ಗೆರೆ ಕಾಣುತ್ತದೆ. ದೊಡ್ಡ ಕಿಟಕಿಯ ಮೋಡದ ಬೆಳಕಿನಲ್ಲಿ ಹೊಳಪು ಮೃದುವಾಗಿ ಇಡೀ ಪಕ್ಕೆಯ ಮೇಲೆ ಹರಡಿಕೊಳ್ಳುತ್ತದೆ. ಎರಡನ್ನೂ ನೋಡಬೇಕು. ನನ್ನ ಒಲವು ಕಿಟಕಿಯ ಬೆಳಕಿನ ಕಡೆಗಿದೆ, ಏಕೆಂದರೆ ಅಲ್ಲಿ ಹೊಳಪು ಉಂಗುರಗಳನ್ನು ಅಳಿಸಿಹಾಕದೆ ಅವುಗಳ ಮೇಲೆ ತೆಳುವಾಗಿ ಹೊದೆದುಕೊಂಡಿರುತ್ತದೆ. ನೇರ ಬಿಸಿಲಿನಲ್ಲಿ ಹೊಳಪು ಅತ್ಯದ್ಭುತವಾಗಿರುವುದು ನಿಜ. ಆದರೆ ಇದು ಸೆಕೆಯನ್ನು ತಾಳುವ ಹಾವಲ್ಲ. ಸುಮಾರು 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಅಪಾಯ. ಬಿಸಿಲಿಗೆ ತರುವುದಾದರೆ ಮುಂಜಾನೆಯ ಎಳೆಬಿಸಿಲಿಗೆ, ಕೈಯಲ್ಲಿ ಹಿಡಿದು, ಒಂದೆರಡು ನಿಮಿಷ ಮಾತ್ರ. ಗಾಜಿನ ಪೆಟ್ಟಿಗೆಯನ್ನು ಬಿಸಿಲಲ್ಲಿಡುವುದು ಎಂದಿಗೂ ಸಲ್ಲದು. ಒಳಗಿನ ಗಾಳಿ ಕೆಲವೇ ನಿಮಿಷಗಳಲ್ಲಿ ಪ್ರಾಣಾಂತಿಕವಾಗಿ ಕಾಯುತ್ತದೆ.

ಮೂರನೆಯದು ಹಿನ್ನೆಲೆಯ ಕಪ್ಪು. ಹೊಳಪಿನ ಕೆಳಗೆ ಮೆಲನಿನ್ ದಟ್ಟವಾಗಿದ್ದರೆ, ಒಳಗೆ ನುಗ್ಗಿದ ಉಳಿದ ಬೆಳಕನ್ನು ಅದು ಹೀರಿಕೊಳ್ಳುವುದರಿಂದ ಹೊಳಪಿನ ಬಣ್ಣ ಶುದ್ಧವಾಗಿ ಕಾಣುತ್ತದೆ. ಕೆಳಗೆ ತಿಳಿಬಣ್ಣವಿದ್ದರೆ ಅದರಿಂದ ಚದುರಿ ಬರುವ ಬೆಳಕಿನಲ್ಲಿ ಹೊಳಪು ಕರಗಿಹೋಗುತ್ತದೆ. ಆದುದರಿಂದಲೇ ಕಪ್ಪು ಉಂಗುರಗಳ ಮೇಲೆ ನೀಲಿ ಹೆಚ್ಚು ಆಳವಾಗಿ ಕಾಣುತ್ತದೆ, ಹೈಪೋ ಹಾವುಗಳಲ್ಲಿ ಹೊಳಪು ಅಷ್ಟಾಗಿ ಎದ್ದು ತೋರುವುದಿಲ್ಲ, ಮತ್ತು ಮಂಕೆಂದು ಬದಿಗಿರಿಸಲಾಗುವ ಕಂದು ಕೊಲಂಬಿಯನ್ ಹಾವು ಹೊಳಪಿನ ಮಟ್ಟಿಗೆ ಯಾರಿಗೂ ಕಡಿಮೆಯಿಲ್ಲ. ಪ್ರಾಯದ ಕೊಲಂಬಿಯನ್ ಹಾವೊಂದನ್ನು ಕಿಟಕಿಯ ಬಳಿ ಹಿಡಿದು, ಹೊಳೆಯ ಅಡಿಯ ಹಸಿರಿನಿಂದ ನೇರಳೆಗೆ ತಿರುಗುವ ಅದರ ಬೆನ್ನನ್ನು ನೋಡಿದವರು ಮತ್ತೆ ಅದನ್ನು ಬರೀ ಕಂದು ಹಾವು ಎನ್ನಲಾರರು. ಹೊಳಪು ರಚನೆಯಿಂದ ಬರುವುದರಿಂದ ಕೆಂಪೇ ಇಲ್ಲದ ಅನೆರಿಥ್ರಿಸ್ಟಿಕ್ ಹಾವಿನಲ್ಲೂ ಅದು ಉಳಿದಿರುತ್ತದೆ.

ಹೊಳಪುಳ್ಳ ಹುರುಪೆ ಈ ಬೋವಾಗಳದಷ್ಟೇ ಸ್ವತ್ತಲ್ಲ. ಆಗ್ನೇಯ ಏಷ್ಯಾದ ಸನ್‌ಬೀಮ್ ಹಾವಿನಲ್ಲೂ, ನಮ್ಮ ಪಶ್ಚಿಮ ಘಟ್ಟದ ಮಣ್ಣಿನೊಳಗೆ ಬದುಕುವ ಶೀಲ್ಡ್‌ಟೇಲ್ ಹಾವುಗಳಲ್ಲೂ ಇಂಥ ಹೊಳಪಿದೆ. ಮಳೆಗಾಲದಲ್ಲಿ ಮಲೆನಾಡಿನ ರಸ್ತೆ, ತೋಟಗಳಲ್ಲಿ ಶೀಲ್ಡ್‌ಟೇಲ್ ಕಂಡರೆ ಮುಟ್ಟದೆ, ಹಿಡಿಯದೆ, ಅದು ಮಣ್ಣಿಗಿಳಿಯುವವರೆಗೆ ಮೇಲೆ ಹೇಳಿದಂತೆ ನಿಂತ ಜಾಗ ಬದಲಿಸುತ್ತಾ ನೋಡಿದರೆ ಸಾಕು, ಈ ಮಾತುಗಳ ಅರ್ಥ ಕಣ್ಣೆದುರಿಗೇ ಸ್ಪಷ್ಟವಾಗುತ್ತದೆ.

ಚಿತ್ರ ತೆಗೆಯುವಾಗ

ಮೊಬೈಲ್ ಕ್ಯಾಮೆರಾ ಕೆಂಪು ಬಣ್ಣವನ್ನು ತನ್ನಿಷ್ಟಕ್ಕೆ ಏರಿಸುತ್ತದೆ. ಬಣ್ಣವನ್ನು ನಿಷ್ಠೆಯಿಂದ ದಾಖಲಿಸಬೇಕಾದರೆ ಹಾವಿನ ಪಕ್ಕದಲ್ಲಿ ಬೂದಿ ಬಣ್ಣದ ಕಾರ್ಡ್ ಇಟ್ಟು ವೈಟ್ ಬ್ಯಾಲೆನ್ಸ್ ಹೊಂದಿಸಿಕೊಳ್ಳಿ, ಸಿಆರ್‌ಐ (ದೀಪದ ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ) 90ಕ್ಕಿಂತ ಹೆಚ್ಚಿರುವ ದೀಪ ಬಳಸಿ, ಪ್ರತಿ ಸಲವೂ ಅದೇ ದೀಪವನ್ನೇ ಬಳಸಿ. ಮೈಬಣ್ಣದ ಚಿತ್ರಕ್ಕೆ ಪೋಲರೈಸಿಂಗ್ ಫಿಲ್ಟರ್ ಹಾಕಿದರೆ ಹೊಳಪು ತಗ್ಗುತ್ತದೆ. ಹೊಳಪಿನ ಚಿತ್ರಕ್ಕೆ ಅದನ್ನು ತೆಗೆದು, ಕಪ್ಪು ಬಟ್ಟೆಯ ಹಿನ್ನೆಲೆಯಲ್ಲಿ, ಎಕ್ಸ್‌ಪೋಶರ್ ಸ್ವಲ್ಪ ತಗ್ಗಿಸಿ ತೆಗೆಯಬೇಕು. ಹೀಗೆ ಒಂದೇ ಹಾವಿಗೆ ಎರಡು ಬಗೆಯ ಚಿತ್ರ ಇರಲೇಬೇಕು. ಮಾರಾಟಕ್ಕಿಟ್ಟ ಹಾವಿನ ಚಿತ್ರದಲ್ಲಿ ಅಡಿಗೆ ಹಾಸಿದ ತೆಂಗಿನ ನಾರಿನ ಪುಡಿಯೂ ಹಾವಿನಷ್ಟೇ ಕೆಂಪಾಗಿ ಕಂಡರೆ ಬಣ್ಣ ಏರಿಸಿದ್ದಾರೆ ಎಂದೇ ತಿಳಿಯಬೇಕು.

ಬಣ್ಣ ಕುಂದಿದರೆ ಮೊದಲು ಆರೋಗ್ಯ ನೋಡಿ

ಅಮೆಜಾನ್‌ನ ತೇವದ ಕಾಡಿನಿಂದ ಬಂದ ಬ್ರೆಜಿಲಿಯನ್ ಹಾವಿಗೆ ಶೇಕಡಾ 75ರಿಂದ 90ರಷ್ಟು ಆರ್ದ್ರತೆ ಬೇಕು; ಕೊಲಂಬಿಯನ್ ಹಾವು ಅದಕ್ಕಿಂತ ಸ್ವಲ್ಪ ಕಡಿಮೆಯನ್ನು ತಾಳಿಕೊಳ್ಳುತ್ತದೆ. ಬೆಚ್ಚಗಿನ ಬದಿಯಲ್ಲಿ 28-29 ಡಿಗ್ರಿ, ತಂಪಿನ ಬದಿಯಲ್ಲಿ 24 ಡಿಗ್ರಿಯ ಆಸುಪಾಸು ಸಾಕು. ಒದ್ದೆ ಪಾಚಿ ತುಂಬಿದ ಮರೆಯೊಂದು ಯಾವಾಗಲೂ ಇರಬೇಕು. ತೇವ ಸಾಲದಿದ್ದರೆ ಚರ್ಮ ಸುಕ್ಕುಗಟ್ಟುತ್ತದೆ, ಪೊರೆ ತುಂಡುತುಂಡಾಗಿ ಕಳಚಿ ಅಲ್ಲಲ್ಲಿ ಅಂಟಿಕೊಳ್ಳುತ್ತದೆ, ಉಳಿದ ಪದರದ ಅಡಿಯಲ್ಲಿ ಹೊಳಪು ಮಾಯವಾಗುತ್ತದೆ. ತೇವವಿದ್ದೂ ಗಾಳಿಯಾಡದಿದ್ದರೆ ಹೊಟ್ಟೆಯ ಹುರುಪೆಗಳು ಕಂದಾಗಿ ಕೊಳೆಯಬಹುದು. ಹೊಟ್ಟೆಯ ಮೇಲೆ ಕೆಂಪು ಅಥವಾ ಕಂದು ಕಲೆ, ಹುರುಪೆಗಳ ಸಂದಿಯಲ್ಲಿ ಓಡಾಡುವ ಕಪ್ಪು ಚುಕ್ಕೆಗಳಂಥ ನುಸಿ, ಒಂದೇ ಕಡೆ ಬಿಳಿಚಿಕೊಂಡ ಅಥವಾ ಗಟ್ಟಿಯಾದ ಚರ್ಮ, ಇವು ಯಾವುವೂ ಬಣ್ಣದ ವೈವಿಧ್ಯವಲ್ಲ. ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು. ಹೊಳಪು ಬರಲೆಂದು ಹಾವಿನ ಮೈಗೆ ಎಣ್ಣೆ ಸವರುವ ಪದ್ಧತಿಯನ್ನು ಖಂಡಿತ ಅನುಸರಿಸಬೇಡಿ. ಉಂಡ ಹಾವನ್ನು ಎರಡು ದಿನ ಮುಟ್ಟಬೇಡಿ. ಮುಟ್ಟಿದ ಮೇಲೆ ಪ್ರತಿ ಸಲವೂ ಸೋಪಿನಿಂದ ಕೈ ತೊಳೆಯಿರಿ.

ಭಾರತದಲ್ಲಿ ಸಾಕುವವರಿಗೆ

ಎಪಿಕ್ರೇಟಿಸ್ ಕುಲದ ಹಾವುಗಳು, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ಅಮೆರಿಕ, ಯುರೋಪ್‌ಗಳಲ್ಲಿ ನೆಲೆಸಿರುವ ಕನ್ನಡಿಗರು ಅಲ್ಲಲ್ಲಿನ ನಿಯಮ ನೋಡಿಕೊಳ್ಳಬೇಕು. ಭಾರತದಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಇಂಥ ವಿದೇಶಿ ಪ್ರಾಣಿಗಳು ನಾಲ್ಕನೆಯ ಅನುಸೂಚಿಗೆ ಬರುತ್ತವೆ. ಅವುಗಳನ್ನು ಹೊಂದಿರುವುದನ್ನು, ಮರಿಗಳ ಜನನವನ್ನು, ಹಸ್ತಾಂತರವನ್ನು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಎಂಬ ಆನ್‌ಲೈನ್ ಪೋರ್ಟಲ್ ಮೂಲಕ ವರದಿ ಮಾಡಿ ನೋಂದಾಯಿಸಬೇಕು. ಕಾಗದಪತ್ರವಿಲ್ಲದ ಹಾವು ಎಷ್ಟೇ ಸುಂದರವಾಗಿದ್ದರೂ ಕೊಳ್ಳಬೇಡಿ. ಕಾಡಿನಿಂದ ಕದ್ದು, ಸೂಟ್‌ಕೇಸಿನಲ್ಲಿ ತುಂಬಿ ಸಾಗಿಸುವ ದಂಧೆಗೆ ಅದು ಉಸಿರು ಕೊಟ್ಟಂತೆ. ನಮ್ಮ ನೆಲದ ಹಾವುಗಳನ್ನು, ಮಣ್ಣುಮುಕ್ಕ ಹಾವನ್ನೂ ಸೇರಿಸಿ, ಹಿಡಿದು ಸಾಕುವುದು ಕಾನೂನಿನ ಪ್ರಕಾರ ಅಪರಾಧ.

ಕಾನೂನುಬದ್ಧವಾಗಿ ಹಾವು ಸಾಕಿರುವವರು ಅದರ ಕಡತದಲ್ಲಿ ಆಮದು ಪರವಾನಗಿ ಅಥವಾ ಮಾರಿದವರ ದಾಖಲೆ, ನೋಂದಣಿಯ ಪ್ರತಿ, ಪೊರೆ ಬಿಟ್ಟ ದಿನಾಂಕಗಳ ಜೊತೆಗೆ ತಲೆಯ ಮೇಲ್ಭಾಗ, ಬೆನ್ನು, ಎಡಪಕ್ಕೆ, ಬಲಪಕ್ಕೆಗಳ ಚಿತ್ರಗಳನ್ನೂ ವರ್ಷಕ್ಕೊಮ್ಮೆ ಸೇರಿಸುತ್ತಾ ಬರುವುದು ಉತ್ತಮ. ಮೈಬಣ್ಣ ಎಷ್ಟೇ ಬದಲಾದರೂ ಬೆಸೆದ ಉಂಗುರ ಬೆಸೆದೇ ಇರುವುದರಿಂದ, ಕಳೆದುಹೋದ ಹಾವು ಮರಳಿ ಸಿಕ್ಕಾಗಲೂ, ಇದು ಅದೇ ಹಾವೇ ಎಂದು ಅಧಿಕಾರಿಗಳು ಕೇಳಿದಾಗಲೂ ಆ ಚಿತ್ರಗಳು ನೆರವಿಗೆ ಬರುತ್ತವೆ.